ಐದು ಪುಟಗಳಲ್ಲಿ ಒಂದು ಊರು

2003ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ 'ಎನ್ವಿರಾನ್ಮೆಂಟಲ್ ಹೆಲ್ತ್ ಪರ್ಸ್‌ಪೆಕ್ಟಿವ್ಸ್' ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಐದು ಪುಟಗಳ ಒಂದು ಸಂಶೋಧನಾ ಲೇಖನ ಅಚ್ಚಾಯಿತು. ಎಂಡೋಸಲ್ಫಾನ್ ಎಂಬ ಕೀಟನಾಶಕಕ್ಕೂ ಗಂಡುಮಕ್ಕಳು ಪ್ರಾಯಕ್ಕೆ ಬರುವ ಪ್ರಕ್ರಿಯೆಗೂ ಸಂಬಂಧ ಇದೆಯೇ ಎಂಬುದು ಅದರ ವಸ್ತು. ಬರೆದವರು ಹನ್ನೊಂದು ಮಂದಿ. ಅಧ್ಯಯನಕ್ಕೆ ಆಧಾರವಾದದ್ದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯಿತಿಗೆ ಸೇರಿದ ಪಡ್ರೆ ಗ್ರಾಮ. ಆಡಳಿತದ ಲೆಕ್ಕದಲ್ಲಿ ಕೇರಳಕ್ಕೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡ, ತುಳುಗಳನ್ನು ಉಳಿಸಿಕೊಂಡು ಬಂದಿರುವ ಗಡಿಯ ಊರು ಅದು.

ಎಂಡೋಸಲ್ಫಾನ್ ದುರಂತ ಕನ್ನಡ ಓದುಗರಿಗೆ ಹೊಸ ಸುದ್ದಿಯೇನಲ್ಲ. ಹಾಸಿಗೆ ಹಿಡಿದ ಮಕ್ಕಳ ಚಿತ್ರಗಳು, ಧರಣಿಗಳು, ನ್ಯಾಯಾಲಯದ ಆದೇಶಗಳು ವರ್ಷಗಟ್ಟಲೆ ಪತ್ರಿಕೆಗಳಲ್ಲಿ ಬಂದಿವೆ. ಆದರೆ ಹಳ್ಳಿಯೊಂದರ ನೋವು ವಿಜ್ಞಾನದ ಪತ್ರಿಕೆಯೊಂದರ ಪುಟ ಸೇರಿದ್ದು ಹೇಗೆ, ಸೇರಿದ್ದರಿಂದ ಆದದ್ದೇನು, ಆಗದೆ ಉಳಿದದ್ದೇನು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. 'ಸಂಶೋಧನೆಯಿಂದ ಸಾಬೀತಾಗಿದೆ' ಎಂಬ ಮಾತು ಜಾಹೀರಾತಿನಿಂದ ಹಿಡಿದು ರಾಜಕೀಯ ಭಾಷಣದವರೆಗೆ ಎಲ್ಲೆಡೆ ಕೇಳಿಬರುವ ಈ ಕಾಲದಲ್ಲಿ ಆ ಮಾತಿನ ನಿಜವಾದ ಬೆಲೆ ಎಷ್ಟು ಎಂದು ತಿಳಿಯಲು ಪಡ್ರೆಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೊದಲು ಕಂಡವರು

ಪಡ್ರೆಯ ಗುಡ್ಡಗಳ ಮೇಲೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಗುಡ್ಡದ ಬುಡದಲ್ಲಿ ಜನರ ಮನೆ, ಅಡಿಕೆ ತೋಟ, ನೀರಿಗಾಗಿ ಗುಡ್ಡವನ್ನೇ ಅಡ್ಡಕ್ಕೆ ಕೊರೆದ ಸುರಂಗ, ಹರಿಯುವ ತೋಡು. ಗೇರು ಹೂ ಬಿಡುವ ಹೊತ್ತಿಗೆ ಕಾಡುವ ಟೀ ಸೊಳ್ಳೆಯನ್ನು ಕೊಲ್ಲಲು 1970ರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಇದು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಮೇಲೆ ಬಿದ್ದದ್ದು ಕೆಳಗೆ ಇಳಿಯದೆ ಇರುತ್ತದೆಯೇ? ಗುಡ್ಡದ ಮೇಲಿನ ಮಳೆನೀರೇ ಸುರಂಗಕ್ಕೂ ತೋಡಿಗೂ ಬರುವ ನೀರು.

ಏನೋ ಸರಿಯಿಲ್ಲ ಎಂಬುದು ಮೊದಲು ಹೊಳೆದದ್ದು ವಿಜ್ಞಾನಿಗಳಿಗಲ್ಲ, ದನ ಕಟ್ಟಿದವರಿಗೆ. ಅಂಗವೈಕಲ್ಯದಿಂದ ಹುಟ್ಟಿದ ಕರುಗಳು ಊರಿನ ಮಾತಿಗೆ ವಸ್ತುವಾದವು. ಮುಂದೆ 'ಅಡಿಕೆ ಪತ್ರಿಕೆ'ಯ ಸಂಪಾದಕರಾಗಿ ಹೆಸರಾದ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಈ ಬಗ್ಗೆ ಬರೆದರು. ಸಿಂಪಡಣೆ ನಿಲ್ಲಲಿಲ್ಲ.

1982ರ ಹೊತ್ತಿಗೆ ಡಾ. ವೈ.ಎಸ್. ಮೋಹನ್ ಕುಮಾರ್ ಈ ಭಾಗದಲ್ಲಿ ವೈದ್ಯವೃತ್ತಿ ಆರಂಭಿಸಿದರು. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕುಳಿತ ವೈದ್ಯನಿಗೆ ದೊಡ್ಡ ಆಸ್ಪತ್ರೆಯ ತಜ್ಞನಿಗೆ ಇಲ್ಲದ ಒಂದು ಅನುಕೂಲವಿದೆ. ಅವನಿಗೆ ರೋಗಿಯ ಮನೆಯೂ ಗೊತ್ತು, ಪಕ್ಕದ ಮನೆಯೂ ಗೊತ್ತು. ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದಲೇ ಬಂದ ಊನ, ಕ್ಯಾನ್ಸರ್ ಇವು ಒಂದೇ ತೋಡಿನ ಆಸುಪಾಸಿನ ಮನೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿವೆ ಎಂಬುದು ಅವರ ಗಮನಕ್ಕೆ ಬಂತು. 1990ರ ದಶಕದಲ್ಲಿ ಅವರು ಕೇರಳದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಪತ್ರ ಬರೆದು, ಇದನ್ನು ಪರಿಣತ ಸಂಸ್ಥೆಗಳು ಅಧ್ಯಯನ ಮಾಡಬೇಕೆಂದು ಕೋರಿದರು. ಹಳ್ಳಿಯ ವೈದ್ಯರೊಬ್ಬರು 'ಇದು ಇದರಿಂದಲೇ ಆಯಿತು' ಎಂದು ತೀರ್ಪು ಕೊಡದೆ, 'ದಯಮಾಡಿ ನೋಡಿ' ಎಂದು ಕೇಳಿದ್ದು ಗಮನಿಸಬೇಕಾದ ಸಂಗತಿ. ಎಲ್ಲ ಸಂಶೋಧನೆಯೂ ಆರಂಭವಾಗುವುದು ಇಂಥದೇ ಒಂದು ಕೋರಿಕೆಯಿಂದ.

ಅತ್ತ ಕಾಸರಗೋಡಿನ ದಕ್ಷಿಣ ಭಾಗದಲ್ಲಿ ಕೃಷಿ ಇಲಾಖೆಯ ನೌಕರೆ ಲೀಲಾಕುಮಾರಿ ಅಮ್ಮ 1998ರಲ್ಲಿ ಸಿಂಪಡಣೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2000ದ ಡಿಸೆಂಬರ್ ಕೊನೆಯಲ್ಲಿ ಪಡ್ರೆಯ ಮೇಲೆ ಹೆಲಿಕಾಪ್ಟರ್ ಕೊನೆಯ ಬಾರಿ ಹಾರಿತು.

ವರದಿಗಳ ಕಾಳಗ

2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ನೀರು, ರಕ್ತ, ಹಾಲು ಮುಂತಾದವುಗಳ ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಎಂಡೋಸಲ್ಫಾನ್ ಅಂಶ ವಿಪರೀತವಾಗಿದೆ ಎಂದು ಪ್ರಕಟಿಸಿತು. ಅದೇ ವರ್ಷ ಪ್ಲಾಂಟೇಷನ್ ಕಾರ್ಪೊರೇಷನ್ ತಮಿಳುನಾಡಿನ ಒಂದು ಖಾಸಗಿ ಸಂಸ್ಥೆಯಿಂದ ಪರೀಕ್ಷೆ ಮಾಡಿಸಿತು. ಆ ಸಂಸ್ಥೆಗೆ ಜನರ ರಕ್ತದಲ್ಲಿ ಉಳಿಕೆ ಸಿಗಲಿಲ್ಲ. ಊರು ಒಂದೇ, ಔಷಧಿ ಒಂದೇ, ವರ್ಷವೂ ಒಂದೇ. ಉತ್ತರ ಮಾತ್ರ ಎರಡು. ಒಂದನ್ನು ಚಳವಳಿಗಾರರು ಎತ್ತಿ ಹಿಡಿದರು, ಇನ್ನೊಂದನ್ನು ಉದ್ಯಮದವರು ಎತ್ತಿ ಹಿಡಿದರು. ಸಾಮಾನ್ಯ ಮನುಷ್ಯ ಯಾರನ್ನು ನಂಬಬೇಕು?

ಇಲ್ಲಿ ಒಂದು ಸೂಕ್ಷ್ಮವಿದೆ. ವರದಿ ಎಂಬುದು ಮಾಡಿಸಿದವರ ಮೇಜಿನ ಮೇಲೆ ಇರುತ್ತದೆ. ಅದನ್ನು ಬಿಡುಗಡೆ ಮಾಡುವುದು, ಬಿಡುವುದು, ಅರ್ಧ ಮಾತ್ರ ಮಾಡುವುದು ಅವರ ಇಷ್ಟ. ಮಾದರಿ ಎಲ್ಲಿಂದ ತಂದರು, ಎಷ್ಟು ಜನರಿಂದ ತಂದರು, ಯಾವ ಯಂತ್ರದಲ್ಲಿ ಅಳೆದರು, ಹೋಲಿಕೆಗೆ ಬೇರೆ ಊರನ್ನು ನೋಡಿದರೇ ಎಂದು ಕೇಳುವ ಹಕ್ಕು ಹೊರಗಿನವನಿಗೆ ಇರುವುದಿಲ್ಲ. ಈ ಕೊರತೆಯನ್ನು ತುಂಬಲೆಂದೇ ವಿಜ್ಞಾನಲೋಕ ಮೂರು ಶತಮಾನಗಳಿಂದ ಬೆಳೆಸಿಕೊಂಡು ಬಂದ ವ್ಯವಸ್ಥೆಯೊಂದಿದೆ. ಅದೇ ವಿದ್ವತ್ ಪತ್ರಿಕೆ.

1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡೆನ್‌ಬರ್ಗ್ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಎಂಬ ಪತ್ರಿಕೆ ಆರಂಭಿಸಿದಾಗ ಅದು ಬಹುಮಟ್ಟಿಗೆ ವಿದ್ವಾಂಸರ ಪತ್ರವ್ಯವಹಾರವನ್ನು ಅಚ್ಚು ಹಾಕುವ ಕೆಲಸವಾಗಿತ್ತು. 1731ರಲ್ಲಿ ಎಡಿನ್‌ಬರೋದ ವೈದ್ಯರ ಸಂಘವೊಂದು ತನ್ನ ಸಂಪುಟಕ್ಕೆ ಬಂದ ಬರಹಗಳನ್ನು ಆಯಾ ವಿಷಯ ಬಲ್ಲ ಸದಸ್ಯರ ಪರಿಶೀಲನೆಗೆ ಕಳುಹಿಸತೊಡಗಿತು. ಇಂದು 'ಪೀರ್ ರಿವ್ಯೂ' ಎಂದು ಕರೆಸಿಕೊಳ್ಳುವ ಸಹತಜ್ಞರ ಪರಿಶೀಲನೆಯ ಬೇರು ಅಲ್ಲಿದೆ. ಆದರೆ ಇದು ಎಲ್ಲ ಕಡೆ ಕಡ್ಡಾಯ ನಿಯಮವಾದದ್ದು ಇತ್ತೀಚೆಗೆ. ಹೆಸರಾಂತ 'ನೇಚರ್' ಪತ್ರಿಕೆ ಕೂಡ 1973ರ ತನಕ ಪ್ರತಿ ಲೇಖನವನ್ನೂ ಹೊರಗಿನ ತಜ್ಞರಿಗೆ ಕಳುಹಿಸುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ನಮ್ಮ ದೇಶದಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್' 1913ರಲ್ಲಿ ಹುಟ್ಟಿತು. ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' 1932ರಲ್ಲಿ ಹೊರಟಿತು.

ಪದ್ಧತಿ ಸರಳ. ಲೇಖಕರು ತಾವು ಏನು ಮಾಡಿದೆವು, ಹೇಗೆ ಮಾಡಿದೆವು, ಏನು ಕಂಡೆವು ಎಂಬುದನ್ನು ಬರೆದು ಕಳುಹಿಸುತ್ತಾರೆ. ಸಂಪಾದಕರು ಅದೇ ವಿಷಯದ ಇಬ್ಬರೋ ಮೂವರೋ ತಜ್ಞರಿಗೆ ಅದನ್ನು ರವಾನಿಸುತ್ತಾರೆ. ಅವರು ಯಾರೆಂಬುದು ಸಾಮಾನ್ಯವಾಗಿ ಲೇಖಕರಿಗೆ ತಿಳಿಯುವುದಿಲ್ಲ. ಈ ಲೆಕ್ಕ ಸರಿಯಿಲ್ಲ, ಈ ಹೋಲಿಕೆ ಸಾಲದು, ಈ ತೀರ್ಮಾನ ಅತಿಯಾಯಿತು ಎಂಬ ಟಿಪ್ಪಣಿಗಳು ವಾಪಸು ಬರುತ್ತವೆ. ತಿದ್ದಿದರೆ ಅಚ್ಚು, ಇಲ್ಲದಿದ್ದರೆ ಇಲ್ಲ. ಪರಿಶೀಲಕರು ಊರಿಗೆ ಹೋಗಿ ಮತ್ತೆ ರಕ್ತ ಪರೀಕ್ಷೆ ಮಾಡುವುದಿಲ್ಲ. ಹಾಗಾಗಿ ಇದು ಸತ್ಯಕ್ಕೆ ಒತ್ತುವ ಮುದ್ರೆಯಲ್ಲ. ಅಕ್ಕಸಾಲಿಗನ ಒರೆಗಲ್ಲಿನಂತೆ ಮೊದಲ ಪರೀಕ್ಷೆ ಅಷ್ಟೆ.

ನೂರ ಹದಿನೇಳು ಹುಡುಗರು

ಪತ್ರಿಕಾ ವರದಿಗಳನ್ನು ಗಮನಿಸಿದ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಈ ವಿಷಯವನ್ನು ಕೈಗೆತ್ತಿಕೊಂಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧೀನದಲ್ಲಿರುವ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಅಧ್ಯಯನದ ಹೊಣೆ ಬಂತು. ತಂಡದ ನೇತೃತ್ವ ವಹಿಸಿದವರು ಡಾ. ಹಬೀಬುಲ್ಲಾ ಸಯ್ಯದ್. ಆ ಸಂಸ್ಥೆಯ ಬೆಂಗಳೂರು ಪ್ರಾದೇಶಿಕ ಕೇಂದ್ರದವರೂ ಮಂಗಳೂರಿನ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರೂ ತಂಡದಲ್ಲಿದ್ದರು.

ಪಡ್ರೆಯಲ್ಲಿ 10ರಿಂದ 19 ವರ್ಷದ 117 ಶಾಲಾ ಬಾಲಕರನ್ನು ಪರೀಕ್ಷಿಸಲಾಯಿತು. ಸಿಂಪಡಣೆ ಇಲ್ಲದ ಬೇರೊಂದು ಕಡೆಯ, ಅದೇ ವಯಸ್ಸಿನ 90 ಬಾಲಕರನ್ನು ಹೋಲಿಕೆಗೆ ತೆಗೆದುಕೊಳ್ಳಲಾಯಿತು. ಈ ಹೋಲಿಕೆಯೇ ಇಡೀ ಕೆಲಸದ ಜೀವ. ಪಡ್ರೆಯ ಹುಡುಗರಲ್ಲಿ ಒಂದು ತೊಂದರೆ ಇದೆ ಎಂದರೆ ಸಾಲದು; ಅಂಥದೇ ಮಣ್ಣು, ಅಂಥದೇ ಊಟ ಇದ್ದೂ ಹೆಲಿಕಾಪ್ಟರ್ ಕಾಣದ ಊರಿನಲ್ಲಿ ಅದು ಎಷ್ಟಿದೆ ಎಂದೂ ಹೇಳಬೇಕು.

ಪಡ್ರೆಯ 70 ಹಾಗೂ ಹೋಲಿಕೆಯ 47 ಹುಡುಗರ ರಕ್ತ ಪರೀಕ್ಷೆಯಾಯಿತು. ಪಡ್ರೆಯವರ ರಕ್ತದ್ರವದಲ್ಲಿ ಎಂಡೋಸಲ್ಫಾನ್ ಸರಾಸರಿ 7.47 ಪಿಪಿಬಿ, ಉಳಿದವರಲ್ಲಿ 1.37 ಪಿಪಿಬಿ ಇತ್ತು. ಒಂದು ಪಿಪಿಬಿ ಎಂದರೆ ನೂರು ಕೋಟಿಯಲ್ಲಿ ಒಂದು ಭಾಗ. ಪ್ರಮಾಣ ಅತ್ಯಲ್ಪವೆಂದು ಕಂಡರೂ ವ್ಯತ್ಯಾಸ ಐದು ಪಟ್ಟಿಗೂ ಹೆಚ್ಚು. ವಯಸ್ಸಿನ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವ ಲಕ್ಷಣಗಳು ಹಿಂದೆ ಬಿದ್ದಿದ್ದವು. ಗಂಡಸುತನದ ಹಾರ್ಮೋನು ಟೆಸ್ಟೊಸ್ಟಿರಾನ್ ಕಡಿಮೆಯಿತ್ತು. ಅದನ್ನು ಉತ್ಪಾದಿಸುವಂತೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳುಹಿಸುವ ಎಲ್‌ಎಚ್ ಎಂಬ ಹಾರ್ಮೋನು ಮಾತ್ರ ಹೆಚ್ಚಿತ್ತು. ಮೇಲಿನ ಕಚೇರಿಯಿಂದ ಆಜ್ಞೆಯ ಮೇಲೆ ಆಜ್ಞೆ ಬರುತ್ತಿದೆ, ಕೆಳಗೆ ಕೆಲಸ ಆಗುತ್ತಿಲ್ಲ ಎಂಬಂಥ ಸ್ಥಿತಿ.

ಇನ್ನೊಂದು ಅಂಕಿಯನ್ನೂ ನೋಡಬೇಕು. ವೃಷಣ ಇಳಿಯದಿರುವುದು, ಹರ್ನಿಯಾ ಮುಂತಾದ ಹುಟ್ಟು ತೊಂದರೆಗಳು ಪಡ್ರೆಯಲ್ಲಿ ಶೇ 5.1, ಹೋಲಿಕೆಯ ಗುಂಪಿನಲ್ಲಿ ಶೇ 1.1. ತಲೆಯೆಣಿಕೆಯಲ್ಲಿ ಹೇಳುವುದಾದರೆ ಇಲ್ಲಿ ಆರು ಹುಡುಗರು, ಅಲ್ಲಿ ಒಬ್ಬ. ಭಾಷಣಕಾರನಿಗೆ 'ಐದು ಪಟ್ಟು' ಎಂದು ಗುಡುಗಲು ಇಷ್ಟು ಸಾಕು. ಆದರೆ ಲೇಖಕರು, ಈ ವ್ಯತ್ಯಾಸವನ್ನು ಅಂಕಿಅಂಶಶಾಸ್ತ್ರದ ಪ್ರಕಾರ ಖಚಿತ ಎನ್ನಲಾಗದು ಎಂದು ಬರೆದರು. ಇಷ್ಟು ಚಿಕ್ಕ ಸಂಖ್ಯೆಗಳಲ್ಲಿ ಆರು ಮತ್ತು ಒಂದು ಎಂಬುದು ಆಕಸ್ಮಿಕವೂ ಆಗಿರಬಹುದು. ಅಲ್ಲದೆ ತಮ್ಮ ಅಧ್ಯಯನದ ಗಾತ್ರ ಚಿಕ್ಕದು, ಪರೀಕ್ಷೆಗೆ ಒಪ್ಪದೆ ಉಳಿದವರೂ ಇದ್ದಾರೆ ಎಂಬ ಮಿತಿಗಳನ್ನು ಸಾರಾಂಶದಲ್ಲೇ ಹೇಳಿಕೊಂಡರು. ಕೊನೆಯ ತೀರ್ಮಾನವೂ ಅಳತೆಯ ಮಾತು: ಎಂಡೋಸಲ್ಫಾನ್ ಸಂಪರ್ಕ ಗಂಡುಮಕ್ಕಳು ಪ್ರಾಯಕ್ಕೆ ಬರುವುದನ್ನು ತಡ ಮಾಡಬಹುದು, ಹಾರ್ಮೋನು ಉತ್ಪಾದನೆಗೆ ಅಡ್ಡಿಯಾಗಬಹುದು. 'ಬಹುದು' ಎಂಬ ಈ ಪದವನ್ನು ಹಗುರವಾಗಿ ನೋಡಬಾರದು. ಅದು ಅಳುಕಿನ ಮಾತಲ್ಲ. ಕೈಯಲ್ಲಿರುವ ಸಾಕ್ಷ್ಯಕ್ಕಿಂತ ಒಂದು ಗೇಣೂ ಮುಂದೆ ಹೋಗುವುದಿಲ್ಲ ಎಂಬ ನಿಷ್ಠುರತೆ.

ಪುಟದ ಹೊರಗೆ ಉಳಿದದ್ದು

ಸಂಸ್ಥೆ 2002ರಲ್ಲಿ ಸಲ್ಲಿಸಿದ ಪೂರ್ಣ ವರದಿಯಲ್ಲಿ ಇನ್ನೂ ಹೆಚ್ಚಿನ ಸಂಗತಿಗಳಿದ್ದವು. ಪಡ್ರೆಯ ಮಕ್ಕಳಲ್ಲಿ ಕಲಿಕೆಯ ತೊಂದರೆ, ಬುದ್ಧಿಯ ಬೆಳವಣಿಗೆ ಮತ್ತು ವರ್ತನೆಗೆ ಸಂಬಂಧಿಸಿದ ನರಸಂಬಂಧಿ ಸಮಸ್ಯೆಗಳು ಹೆಚ್ಚಾಗಿವೆ, ಹೆಣ್ಣುಮಕ್ಕಳಲ್ಲಿ ಹುಟ್ಟು ಊನಗಳು ಹೆಚ್ಚಾಗಿವೆ ಎಂದು ಅದು ಹೇಳಿತ್ತು. ಪತ್ರಿಕೆಯ ಐದು ಪುಟಗಳಿಗೆ ಬಂದದ್ದು ಇದರ ಒಂದು ತುಣುಕು ಮಾತ್ರ. ವಿದ್ವತ್ ಪತ್ರಿಕೆಯ ಶಕ್ತಿಯೂ ಅದರ ಕೊರತೆಯೂ ಇಲ್ಲೇ ಇವೆ. ಅದು ಒಂದು ಪ್ರಶ್ನೆ ಕೇಳುತ್ತದೆ, ಒಂದಕ್ಕೆ ಉತ್ತರಿಸುತ್ತದೆ. ಹಾಸಿಗೆ ಹಿಡಿದ ಮಗುವಿನ ತಾಯಿಗೆ ಬೇಕಾದ ಉತ್ತರ ಅದರಲ್ಲಿ ಇರುವುದಿಲ್ಲ.

ಲೇಖನ ಅಚ್ಚಾದ ಮರುವರ್ಷ, 2004ರಲ್ಲಿ, ಕೀಟನಾಶಕ ಉದ್ಯಮದ ಕಡೆಯವರು ಅದೇ ಪತ್ರಿಕೆಗೆ ಪತ್ರ ಬರೆದು ಅಧ್ಯಯನದ ವಿಧಾನವನ್ನೂ ಮಾಪನಗಳನ್ನೂ ಪ್ರಶ್ನಿಸಿದರು. ಪತ್ರಿಕೆ ಆ ಆಕ್ಷೇಪಗಳನ್ನು ಪ್ರಕಟಿಸಿತು. ಲೇಖಕರ ಉತ್ತರವನ್ನೂ ಪ್ರಕಟಿಸಿತು. 2001ರ ವರದಿಗಳ ಕಾಳಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಅಲ್ಲಿ ಒಬ್ಬರ ವರದಿಯ ಮೇಲೆ ಇನ್ನೊಬ್ಬರು ತಮ್ಮ ವರದಿಯನ್ನು ಇಡುತ್ತಿದ್ದರು. ಇಲ್ಲಿ ಎದುರಾಳಿ ಕೂಡ ಅದೇ ಅಂಕಿಗಳನ್ನು ಹಿಡಿದು, ಅದೇ ಪುಟದಲ್ಲಿ, ಹೆಸರು ಹಾಕಿ ವಾದಿಸಬೇಕಾಯಿತು. ಯಾರು ಬೇಕಾದರೂ ಇಬ್ಬರ ಮಾತನ್ನೂ ಓದಿ ತೂಗಿ ನೋಡಬಹುದಿತ್ತು.

ಹಾಗೆಂದು ಜಗಳ ಮುಗಿಯಲಿಲ್ಲ. ಕೇಂದ್ರ ಸರ್ಕಾರ ನೇಮಿಸಿದ ಒ.ಪಿ. ದುಬೆ ಸಮಿತಿ ಕಾಯಿಲೆಗಳಿಗೂ ಎಂಡೋಸಲ್ಫಾನಿಗೂ ಸಂಬಂಧ ಕಾಣುವುದಿಲ್ಲ ಎಂದಿತು. ಪಡ್ರೆಯ ಪ್ರತಿಯೊಂದು ಕಾಯಿಲೆಗೂ ಇದೇ ಕಾರಣವೇ ಎಂಬ ಚರ್ಚೆ ಇಂದಿಗೂ ತಜ್ಞರ ನಡುವೆ ಇದೆ. 2003ರ ಲೇಖನವೂ ಹಾಗೆಂದು ಹೇಳಿರಲಿಲ್ಲ.

ಹಂದಿಗೋಡಿನ ಪಾಠ

ಇಷ್ಟೊಂದು ಎಚ್ಚರ ಏಕೆ, ಕಣ್ಣಿಗೆ ಕಂಡದ್ದು ಸಾಲದೇ ಎಂದು ಕೇಳುವವರಿಗೆ ಮಲೆನಾಡಿನ ಇನ್ನೊಂದು ಊರಿನ ಕಥೆ ಉತ್ತರ ಹೇಳುತ್ತದೆ. 1970ರ ದಶಕದಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ದಲಿತ ಕುಟುಂಬಗಳ ಜನ ಸೊಂಟ, ಮೊಣಕಾಲಿನ ಕೀಲು ಸವೆದು ನಡೆಯಲಾಗದೆ ಕುಸಿಯತೊಡಗಿದರು. ಆಗಲೂ ಬಲವಾದ ಅನುಮಾನ ಹೋದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಗಳ ಏಡಿ, ಮೀನು ತಿಂದದ್ದರ ಮೇಲೆ. ಅನುಮಾನ ಸಹಜವಾಗಿತ್ತು. ಹೊಸ ತಳಿ, ಹೊಸ ಔಷಧಿಗಳು ಬಂದ ಕಾಲ ಅದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ 'ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್'ನಲ್ಲಿ ಈ ಕಾಯಿಲೆಯ ಬಗ್ಗೆ ಬರೆದರು. ಅದು ಕುಟುಂಬಗಳಲ್ಲಿ ಹರಿದುಬರುತ್ತಿರುವುದನ್ನು ಗುರುತಿಸಿದರು. ಮುಂದಿನ ಅಧ್ಯಯನಗಳು ಇದು ಮೂಳೆಯ ಬೆಳವಣಿಗೆಗೆ ಸಂಬಂಧಿಸಿದ ವಂಶವಾಹಿ ಕಾಯಿಲೆ ಎಂಬುದನ್ನು ತೋರಿಸಿಕೊಟ್ಟವು.

ಹಂದಿಗೋಡಿನಲ್ಲಿ ಏಡಿ ತಿನ್ನುವುದನ್ನು ನಿಲ್ಲಿಸಿದ್ದರೆ ಕಾಯಿಲೆ ನಿಲ್ಲುತ್ತಿರಲಿಲ್ಲ. ಪಡ್ರೆಯಲ್ಲಿ 'ಇದೂ ವಂಶದಿಂದ ಬಂದದ್ದು' ಎಂದು ಕೈಚೆಲ್ಲಿದ್ದರೆ ಹೆಲಿಕಾಪ್ಟರ್ ಇಳಿಯುತ್ತಿರಲಿಲ್ಲ. ಎರಡೂ ಕಡೆ ನೋವು ನಿಜ, ನೋವನ್ನು ಮೊದಲು ಗುರುತಿಸಿದವರು ಸ್ಥಳೀಯರು. ಕಾರಣ ಮಾತ್ರ ಬೇರೆ ಬೇರೆ. ಆ ಬೇರೆತನವನ್ನು ಬಿಡಿಸಿ ತೋರಿಸಲು ಹೋಲಿಕೆ, ಲೆಕ್ಕ, ತಿದ್ದುಪಡಿಗಳ ನಿಧಾನದ ಹಾದಿ ಬಿಟ್ಟು ಬೇರೆ ದಾರಿಯಿಲ್ಲ.

ಗುರುತಿಸುವ ಕೆಲಸದಲ್ಲಿ ಊರೇ ಮುಂದೆ ಎಂಬುದಕ್ಕೆ ಕರ್ನಾಟಕದಲ್ಲಿ ಇನ್ನೂ ಹಳೆಯ ಸಾಕ್ಷಿಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದು ಅಲ್ಲಿನವರ ಕಣ್ಣಿಗೆ ಬಿದ್ದಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನೇ ಪತ್ತೆಮಾಡಿ, ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಕಾಡಿನ ಹೆಸರು ಹಾಗೆಯೇ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು.

ಜಿನೀವಾದ ತನಕ

ಪಡ್ರೆಯ ಲೇಖನ ಎಲ್ಲಿಯವರೆಗೆ ಹೋಯಿತು? ದೀರ್ಘಕಾಲ ಉಳಿದು ಹಾನಿ ಮಾಡುವ ರಾಸಾಯನಿಕಗಳನ್ನು ಜಗತ್ತಿನಿಂದ ತೊಲಗಿಸಲು ಸ್ಟಾಕ್‌ಹೋಮ್ ಒಪ್ಪಂದ ಎಂಬ ಅಂತರರಾಷ್ಟ್ರೀಯ ಏರ್ಪಾಡು ಇದೆ. 2007ರಲ್ಲಿ ಐರೋಪ್ಯ ಒಕ್ಕೂಟ ಎಂಡೋಸಲ್ಫಾನನ್ನೂ ಆ ಪಟ್ಟಿಗೆ ಸೇರಿಸಬೇಕೆಂದು ಪ್ರಸ್ತಾಪಿಸಿತು. ಒಪ್ಪಂದದ ತಜ್ಞ ಸಮಿತಿ ಪರಿಶೀಲಿಸಿದ ಸಾಕ್ಷ್ಯಗಳಲ್ಲಿ ಪಡ್ರೆಯ ಹುಡುಗರ ಮೇಲಿನ ಅಧ್ಯಯನವೂ ಒಂದು. ಇಲಿಗಳ ಮೇಲಿನ ಪ್ರಯೋಗಗಳು ಬೇಕಾದಷ್ಟಿದ್ದವು. ಸಂತಾನೋತ್ಪತ್ತಿ ಅಂಗಗಳ ಬೆಳವಣಿಗೆಯ ಮಟ್ಟಿಗೆ ಮನುಷ್ಯರ ಬಗೆಗಿನ ಮಾಹಿತಿಯೇ ಅದುವರೆಗೆ ಇರಲಿಲ್ಲ ಎಂಬುದನ್ನು ನೆನೆದರೆ ಆ ಐದು ಪುಟಗಳ ತೂಕ ಅರ್ಥವಾಗುತ್ತದೆ. ಎಂಡೋಸಲ್ಫಾನ್ ತಯಾರಿಕೆಯಲ್ಲಿ ಮುಂಚೂಣಿಯಲ್ಲಿದ್ದ ಭಾರತ ಆರಂಭದಲ್ಲಿ ವಿರೋಧಿಸಿತು. 2011ರ ಏಪ್ರಿಲ್‌ನಲ್ಲಿ ಜಿನೀವಾ ಸಮ್ಮೇಳನದಲ್ಲಿ, ಕೆಲವು ಬೆಳೆಗಳಿಗೆ ಕಾಲಮಿತಿಯ ವಿನಾಯಿತಿಯೊಂದಿಗೆ, ನಿಷೇಧಕ್ಕೆ ಒಪ್ಪಿಗೆ ಸಿಕ್ಕಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು.

ಅದೇ ವರ್ಷದ ಆರಂಭದಲ್ಲಿ ಕರ್ನಾಟಕವೂ ಎಂಡೋಸಲ್ಫಾನ್ ನಿಷೇಧಿಸಿತ್ತು. ಕಾರಣ ಗಡಿಯಾಚೆಯದು ಮಾತ್ರವಲ್ಲ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಕಡೆಯ ಗೇರು ತೋಟಗಳ ಮೇಲೂ ಇದೇ ಔಷಧಿ ಬಿದ್ದಿತ್ತು, ಅಲ್ಲಿನ ಮನೆಗಳಲ್ಲೂ ಇದೇ ಗೋಳು ಇತ್ತು. ಆದರೆ ಪಡ್ರೆಗೆ ಸಿಕ್ಕಷ್ಟು ವಿದ್ವತ್ ಪತ್ರಿಕೆಯ ಗಮನ ಕೊಕ್ಕಡಕ್ಕೆ ಸಿಗಲಿಲ್ಲ. 2017ರ ಜನವರಿ 10ರಂದು ಸುಪ್ರೀಂ ಕೋರ್ಟ್, ಕೇರಳದ ಪಟ್ಟಿಯಲ್ಲಿರುವ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಆದೇಶಿಸಿತು. ಮೊದಲ ಕರು ಊನವಾಗಿ ಹುಟ್ಟಿದ ಕಾಲಕ್ಕೂ ಈ ಆದೇಶಕ್ಕೂ ನಡುವೆ ಸುಮಾರು ನಾಲ್ಕು ದಶಕ ಕಳೆದಿದ್ದವು.

ಕನ್ನಡ ನಾಡಿನಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ. ಗದಗ ಜಿಲ್ಲೆಯ ಮುಂಡರಗಿ, ಶಿರಹಟ್ಟಿ ಸೀಮೆಯಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಹಲ್ಲು, ಮೂಳೆಗಳ ಮೇಲೆ ಬರೆಯುವ ಗುರುತನ್ನು ಜನ ದಿನವೂ ನೋಡುತ್ತಾರೆ. ನೋಡಿದ್ದನ್ನು ಎಣಿಸಿ, ಹೋಲಿಸಿ, ಎದುರಾಳಿಯೂ ಪರೀಕ್ಷಿಸಬಹುದಾದ ರೀತಿಯಲ್ಲಿ ಬರೆದಿಟ್ಟರೆ ಮಾತ್ರ ಅದು ಊರಿನ ಗಡಿ ದಾಟುತ್ತದೆ. ಆ ಕೆಲಸಕ್ಕೆ ವಿಜ್ಞಾನಿ ಬೇಕು. ಆದರೆ ವಿಜ್ಞಾನಿಯನ್ನು ಬರಮಾಡಿಕೊಳ್ಳುವಂತೆ ಮೊದಲು ಪತ್ರ ಬರೆಯುವವನೊಬ್ಬ ಬೇಕು, ತೋಳು ಚಾಚಿ ರಕ್ತ ಕೊಡುವವರು ಬೇಕು.

2003ರ ಆ ಲೇಖನ ಇಂಗ್ಲಿಷಿನಲ್ಲಿದೆ. ಅದರಲ್ಲಿ ಹನ್ನೊಂದು ಲೇಖಕರ ಹೆಸರಿದೆ. 117 ಹುಡುಗರ ಹೆಸರಿಲ್ಲ. ಇರಲೂಬಾರದು, ಅದು ಸಂಶೋಧನೆಯ ಧರ್ಮ. ಆಗ ಹತ್ತರಿಂದ ಹತ್ತೊಂಬತ್ತು ವರ್ಷದವರಾಗಿದ್ದ ಅವರೆಲ್ಲ ಇಂದು ಮೂವತ್ತು ದಾಟಿದವರು. ತಾವು ಕೊಟ್ಟ ರಕ್ತದಿಂದ ಏನು ತಿಳಿಯಿತು ಎಂಬುದನ್ನು ಅವರವರ ಭಾಷೆಯಲ್ಲಿ ಅವರಿಗೆ ಹೇಳುವ ಕೆಲಸ ಯಾವ ವಿದ್ವತ್ ಪತ್ರಿಕೆಯ ನಿಯಮಾವಳಿಯಲ್ಲೂ ಬರೆದಿಲ್ಲ. ಅದನ್ನು ಮಾಡಬೇಕಾದವರು ಉಳಿದವರು.